ರಾಗಿಕಾಳಿನಷ್ಟು ಶಂಖ: ಮಳೆಕಾಡಿನ ಕಿರಿಯ ಬಸವನಹುಳುಗಳನ್ನು ಗುರುತಿಸುವ ಕ್ರಮ

ಮುಂಗಾರಿನ ಮೊದಲ ಹದಮಳೆ ಬಿದ್ದು, ಧರ್ಮಪುರದ ಕೆರೆಯ ಏರಿಯ ಮೇಲಣ ಕಲ್ಲುಗಳ ಸಂದಿನಲ್ಲಿ ಹುಲ್ಲು ಚಿಗುರುವ ಹೊತ್ತಿಗೆ, ಬೇಸಗೆಯುದ್ದಕ್ಕೂ ಚಿಪ್ಪಿನ ಬಾಯಿಗೆ ತೆಳುಪೊರೆಯ ತೆರೆಯನ್ನು ಕಟ್ಟಿಕೊಂಡು ನಿದ್ರಿಸುತ್ತಿದ್ದ ಬಸವನಹುಳುಗಳು ಕೊಂಬು ಚಾಚಿ ಹೊರಬರುವ ದೃಶ್ಯವನ್ನು ಹಿರಿಯೂರು ಸೀಮೆಯಲ್ಲಿ ಕಾಣದವರು ವಿರಳ. ಆ ಕೊಂಬುಗಳನ್ನು ಕಂಡು ಈ ಜೀವಿಗೆ ಬಸವನ ಹೆಸರನ್ನಿಟ್ಟ ನಮ್ಮ ಹಿರಿಯರ ದೃಷ್ಟಿ ಸೂಕ್ಷ್ಮವಾದುದೇ ಸರಿ. ಆದರೆ ಆ ಒಂದೇ ಹೆಸರಿನ ಕೆಳಗೆ ರೂಪದಲ್ಲಿಯೂ ಒಳರಚನೆಯಲ್ಲಿಯೂ ಜೀವನಕ್ರಮದಲ್ಲಿಯೂ ಪರಸ್ಪರ ದೂರವಾದ ನೂರಾರು ಪ್ರಭೇದಗಳು ಅಡಗಿವೆಯೆಂಬುದನ್ನೂ, ಅವುಗಳಲ್ಲಿ ಅನೇಕವು ಬೆಳೆದು ನಿಂತಾಗಲೂ ರಾಗಿಕಾಳಿನ ಗಾತ್ರವನ್ನು ಮೀರುವುದಿಲ್ಲವೆಂಬುದನ್ನೂ ತಿಳಿದವರು ಬಹಳ ಕಡಮೆ. ಅಂಥ ಕಿರಿಯ ಜೀವಿಗಳ ತವರು ಸಹ್ಯಾದ್ರಿಯ ಮಳೆಕಾಡು. ಅವನ್ನು ಹುಡುಕುವುದು ಹೇಗೆ, ನೋಡುವುದು ಹೇಗೆ, ಯಾವ ಕುಲಕ್ಕೆ ಸೇರಿದವೆಂದು ನಿಶ್ಚಯಿಸುವುದು ಹೇಗೆ ಎಂಬುದನ್ನು, ಕಾಡಿನಿಂದ ದೂರದ ಬಯಲಿನಲ್ಲಿರುವ ಓದುಗನಿಗೂ ಉಪಯೋಗವಾಗುವಂತೆ ಇಲ್ಲಿ ಕ್ರಮವಾಗಿ ವಿವರಿಸಿದೆ.

ಕಿರಿದೇಕೆ, ಭಿನ್ನವೇಕೆ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವುದುಂಟು; ನಮ್ಮ ಹಿರಿಯೂರಿನ ಬಯಲಿಗೆ ಅದರ ಹತ್ತನೆಯ ಒಂದು ಪಾಲು ಬಂದರೆ ಅದೇ ಸುಭಿಕ್ಷ. ಅಷ್ಟು ಮಳೆಯಿಂದ ತೊಳೆದುಹೋದ ಕಾಡಿನ ಮಣ್ಣು ಹುಳಿಯಾಗಿರುತ್ತದೆ. ಚಿಪ್ಪು ಕಟ್ಟುವುದಕ್ಕೆ ಬೇಕಾದ ಸುಣ್ಣದ ಅಂಶ ಅದರಲ್ಲಿ ಅಲ್ಪ. ಆದುದರಿಂದ ಅಲ್ಲಿಯ ಬಹುಪಾಲು ಹುಳುಗಳ ಚಿಪ್ಪು ಚಿಕ್ಕದು, ತೆಳುವಾದುದು. ತರಗೆಲೆಗಳ ನಡುವಿನ ತೇವದ ಸಂದುಗಳಲ್ಲಿಯೇ ಬಾಳತಕ್ಕ ಜೀವಿಗೆ ಚಿಕ್ಕ ದೇಹ ಅನುಕೂಲವೂ ಅಹುದು.

ಬಸವನಹುಳುವಿನ ನಡಗೆ ನಿಧಾನ; ಒಣಗಿದ ನೆಲವನ್ನು ದಾಟಲು ಅದಕ್ಕೆ ಶಕ್ತಿಯಿಲ್ಲ. ಎರಡು ಬೆಟ್ಟಗಳ ನಡುವೆ ಬಿಸಿಲು ಬೀಳುವ ಒಂದು ಕಣಿವೆಯಿದ್ದರೆ, ಇತ್ತಣ ಕಾಡಿನ ಹುಳುವಿಗೆ ಅತ್ತಣ ಕಾಡು ಸಮುದ್ರದಾಚೆಯ ದ್ವೀಪವಿದ್ದಂತೆ. ಹೀಗೆ ಬೇರ್ಪಟ್ಟು ಯುಗಯುಗಗಳ ಕಾಲ ಬಾಳಿದುದರಿಂದ ಒಂದೊಂದು ಬೆಟ್ಟದ ಮಡಿಲಲ್ಲಿ ಒಂದೊಂದು ಪ್ರಭೇದ ರೂಪುಗೊಂಡಿತು. ಪಶ್ಚಿಮಘಟ್ಟಗಳಿಂದ ಇದುವರೆಗೆ ವರ್ಣಿತವಾದ ನೆಲದ ಬಸವನಹುಳುಗಳು ಸುಮಾರು 270. ಅವುಗಳಲ್ಲಿ ಮುಕ್ಕಾಲು ಪಾಲಿನಷ್ಟು ಪ್ರಭೇದಗಳು ಲೋಕದ ಬೇರೆಲ್ಲಿಯೂ ದೊರೆಯುವುದಿಲ್ಲ. ಈ ಕಾರಣದಿಂದ, ಚಿಪ್ಪು ದೊರೆತ ಸ್ಥಳವೂ ಚಿಪ್ಪಿನ ಲಕ್ಷಣಗಳಲ್ಲಿ ಒಂದು ಎಂಬ ತತ್ತ್ವವನ್ನು ಆರಂಭದಲ್ಲಿಯೇ ಮನಸ್ಸಿಗೆ ತಂದುಕೊಳ್ಳತಕ್ಕದ್ದು. ಊರು ಗೊತ್ತಿಲ್ಲದ ಚಿಪ್ಪು ಎಷ್ಟು ಸುಂದರವಾಗಿದ್ದರೂ ಶಾಸ್ತ್ರಕ್ಕೆ ಅದರಿಂದ ಅರ್ಧದಷ್ಟೂ ಪ್ರಯೋಜನವಿಲ್ಲ.

ಮೊದಲು ಅರಸಿದವರು

ಭಾರತದ ನೆಲದ ಚಿಪ್ಪುಗಳನ್ನು ಶಾಸ್ತ್ರೀಯವಾಗಿ ವರ್ಣಿಸಿದವರಲ್ಲಿ ಅಗ್ರಗಣ್ಯನಾದ ವಿಲಿಯಂ ಹೆನ್ರಿ ಬೆನ್ಸನ್ ಬಂಗಾಳದ ಕಂಪನಿ ಸರಕಾರದ ಅಧಿಕಾರಿ. ಅವನ ತರುವಾಯ ಬ್ಲಾನ್‌ಫರ್ಡ್ ಸೋದರರು 1860ರ ಸುಮಾರಿನಲ್ಲಿ ನೀಲಗಿರಿ ಮೊದಲಾದ ದಕ್ಷಿಣದ ಬೆಟ್ಟಗಳ ಕಿರುಚಿಪ್ಪುಗಳನ್ನು ವರ್ಣಿಸಿದರು. ಮದರಾಸು ಅರಣ್ಯ ಇಲಾಖೆಯಲ್ಲಿದ್ದ ಕರ್ನಲ್ ಬೆಡ್ಡೋಮ್ ಸಸ್ಯಗಳಿಗಾಗಿ ಬೆಟ್ಟಬೆಟ್ಟಗಳನ್ನು ಅಲೆಯುತ್ತಿದ್ದಾಗಲೇ ಕಿರುಶಂಖಗಳನ್ನೂ ಆಯ್ದು, ಮುಚ್ಚಳವುಳ್ಳ ಹಲವು ಹೊಸ ಪ್ರಭೇದಗಳನ್ನು 1875ರಲ್ಲಿ ಪ್ರಕಟಿಸಿದನು. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲವನ್ನು ಕುರಿತ ಗ್ರಂಥಮಾಲೆಯಲ್ಲಿ ಈ ವಿಷಯಕ್ಕೆ ಮೀಸಲಾದ ಮೂರು ಸಂಪುಟಗಳುಂಟು: 1908ರದು ಬ್ಲಾನ್‌ಫರ್ಡ್ ಮತ್ತು ಗಾಡ್ವಿನ್-ಆಸ್ಟೆನ್ ಅವರದು; 1914 ಮತ್ತು 1921ರವು ಗ್ಯೂಡ್ ಎಂಬವನವು. ಶತಮಾನ ಕಳೆದರೂ ಅಭ್ಯಾಸಿಗಳ ಮೇಜಿನ ಮೇಲೆ ಇಂದಿಗೂ ಇರತಕ್ಕ ಗ್ರಂಥಗಳಿವು. ಅಂತರ್ಜಾಲದ ಗ್ರಂಥಭಂಡಾರಗಳಲ್ಲಿ ಹಣವಿಲ್ಲದೆ ಓದಲು ದೊರೆಯುತ್ತವೆ.

ನಮ್ಮ ಕಾಲದಲ್ಲಿ ಈ ವಿದ್ಯೆಯನ್ನು ಕರ್ನಾಟಕದಲ್ಲಿ ಮರಳಿ ಚಿಗುರಿಸಿದ ಕೀರ್ತಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಡಾ. ಎನ್. ಎ. ಮಧ್ಯಸ್ಥ ಅವರಿಗೂ ಅವರೊಡನೆ ದುಡಿದವರಿಗೂ ಸಲ್ಲತಕ್ಕದ್ದು. ಮೇಲೆ ಹೇಳಿದ 270ರ ಗಣನೆಯೂ ಅವರೂ ಅವರ ಸಂಗಡಿಗರೂ 2005ರಲ್ಲಿ ಪ್ರಕಟಿಸಿದ ಪ್ರಬಂಧದ ಫಲ.

ಅನುಮತಿ ಮತ್ತು ಸಾಮಗ್ರಿ

ಕಾಡಿಗೆ ಕಾಲಿಡುವ ಮುನ್ನ ನೆನಪಿಡತಕ್ಕ ನಿಯಮವೊಂದುಂಟು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಮೀಸಲು ಅರಣ್ಯಗಳಿಂದ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಖಾಲಿ ಚಿಪ್ಪನ್ನಾಗಲಿ ಹಿಡಿ ತರಗನ್ನಾಗಲಿ ತರಬಾರದು. ಹೊರದೇಶದ ತಜ್ಞರಿಗೆ ಮಾದರಿಯನ್ನು ಕಳುಹಿಸುವುದಕ್ಕೆ 2002ರ ಜೀವವೈವಿಧ್ಯ ಕಾಯಿದೆಯ ಕಟ್ಟುಪಾಡುಗಳು ಅನ್ವಯಿಸುತ್ತವೆ. ಅನುಮತಿಯಿಲ್ಲದ ಹವ್ಯಾಸಿಗೆ ನೋಟ, ಚಿತ್ರ, ಟಿಪ್ಪಣಿ ಈ ಮೂರು ಸಾಕು. ಮಲೆನಾಡಿನ ನೆಂಟರಿಷ್ಟರ ಅಡಕೆ ತೋಟದಲ್ಲಿಯೋ ಕಾಫಿ ತೋಟದಲ್ಲಿಯೋ ಮನೆಯವರ ಒಪ್ಪಿಗೆಯಿಂದ ಹುಡುಕಿದರೂ ಕಲಿಯುವುದಕ್ಕೆ ಬೇಕಾದಷ್ಟು ದೊರೆಯುತ್ತದೆ.

ಸಾಮಗ್ರಿಗೆ ಹೆಚ್ಚು ವೆಚ್ಚವಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ, ಕಾಳು ಜಾಲಿಸುವ ದಪ್ಪ ಕಣ್ಣಿನ ಒಂದರಿ, ಹಿಟ್ಟಿನ ಜರಡಿ, ಟೀ ಸೋಸುವ ಜಾಲರಿ, ಚಿತ್ರಗಾರರು ಬಳಸುವ ಅತಿ ಸಣ್ಣ ಕುಂಚ, ಬಿಳಿಯ ತಟ್ಟೆ, ಬಟ್ಟೆಯ ಚೀಲಗಳು, ಬಿಗಿ ಮುಚ್ಚಳದ ಸಣ್ಣ ಗಾಜಿನ ಕೊಳವೆಗಳು, ಪೆನ್ಸಿಲು ಮತ್ತು ಗಟ್ಟಿ ಕಾಗದ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎರಡು ಕಣ್ಣುಗಳಿಂದಲೂ ನೋಡುವ ಸೂಕ್ಷ್ಮದರ್ಶಕದ ಮುಂದೆ ಕೆಲವು ಘಂಟೆ ಕುಳಿತುಕೊಳ್ಳುವ ಅವಕಾಶ ದೊರೆತರೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ತರಗಿನಿಂದ ಚಿಪ್ಪಿನವರೆಗೆ

ಮಲೆನಾಡಿನವರು ದರಗು ಎನ್ನುವ ತರಗೆಲೆಯ ಹಾಸೇ ಈ ಜೀವಿಗಳ ಮನೆ. ದೊಡ್ಡ ಮರಗಳ ಬೇರುಗಳ ನಡುವಣ ಕುಳಿ, ಕೊಳೆತು ಬಿದ್ದ ದಿಮ್ಮಿಯ ಅಡಿ, ಹಾವಸೆ ಹಿಡಿದ ಬಂಡೆಯ ಬುಡ ಇವು ಹುಡುಕಲು ಯೋಗ್ಯವಾದ ಸ್ಥಳಗಳು. ಮೊದಲು ಎಲೆಗಳ ಅಡಿಭಾಗವನ್ನೂ ಬಂಡೆಯ ಮೈಯನ್ನೂ ಕಣ್ಣಿನಿಂದ ಪರೀಕ್ಷಿಸಿ, ಜೀವಂತ ಹುಳು ಕಂಡರೆ ಅದನ್ನು ಮುಟ್ಟದೆ ಕೊಂಬು, ಕಣ್ಣು, ಮೈಬಣ್ಣಗಳನ್ನು ಬರೆದುಕೊಳ್ಳಬೇಕು. ಆಮೇಲೆ ಕೆಲವು ಹಿಡಿ ದರಗನ್ನು ಒಂದರಿಯಲ್ಲಿ ಹಾಕಿ ಚೀಲದ ಮೇಲೆ ಅಲ್ಲಾಡಿಸಿ, ಮೇಲುಳಿದ ಎಲೆಕಡ್ಡಿಗಳನ್ನು ತೆಗೆದ ಜಾಗದಲ್ಲಿಯೇ ಮರಳಿ ಹರವಬೇಕು. ಏಕೆಂದರೆ ಆ ಹಾಸು ಅಸಂಖ್ಯ ಜೀವಿಗಳ ಸೂರು, ಅದನ್ನು ಬರಿದು ಮಾಡಿ ಬರುವುದು ಅಧರ್ಮ.

ಮನೆಗೆ ತಂದ ಪುಡಿಯನ್ನು ಚಮಚೆ ಚಮಚೆಯಾಗಿ ಬಿಳಿಯ ತಟ್ಟೆಯಲ್ಲಿ ಹರವಿ, ಓರೆಯಾಗಿ ಬೀಳುವ ಬೆಳಕಿನಲ್ಲಿ ಮಸೂರದಿಂದ ನೋಡಬೇಕು. ಚಿಮುಟದ ಹಿಡಿತಕ್ಕೆ ಈ ಚಿಪ್ಪು ಪುಡಿಯಾದೀತು. ಒದ್ದೆಮಾಡಿದ ಕುಂಚದ ತುದಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಜೀವವಿರುವ ಹುಳುಗಳನ್ನೆಲ್ಲ ಬೇರ್ಪಡಿಸಿದ ಮೇಲೆ ಉಳಿದ ಪುಡಿಯನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ನೀರಿನ ಬೋಗುಣಿಗೆ ಸುರಿದರೆ ಮಣ್ಣು ತಳಕ್ಕಿಳಿದು, ಒಳಗೆ ಗಾಳಿಯನ್ನು ಹಿಡಿದ ಖಾಲಿ ಚಿಪ್ಪುಗಳು ತೇಲುತ್ತವೆ. ಅವನ್ನು ಟೀ ಜಾಲರಿಯಿಂದ ಎತ್ತಿಕೊಳ್ಳಬಹುದು. ಫಾರ್ಮಲಿನ್‌ನಲ್ಲಿ ಚಿಪ್ಪನ್ನು ಇಡಬಾರದು, ಅದರ ಹುಳಿ ಸುಣ್ಣವನ್ನು ತಿನ್ನುತ್ತದೆ. ಅನುಮತಿ ಪಡೆದ ಸಂಶೋಧಕರು ಮೃದುದೇಹವನ್ನು ಅಂಗರಚನೆಗಾಗಿ ನೂರಕ್ಕೆ 70ರ, ಡಿ.ಎನ್.ಎ. ಪರೀಕ್ಷೆಗಾಗಿ ನೂರಕ್ಕೆ 95ರ ಮದ್ಯಸಾರದಲ್ಲಿ ಕಾಪಾಡುತ್ತಾರೆ. ನೆಲದ ಹುಳುಗಳು ಇಲಿಯ ಶ್ವಾಸಕೋಶದ ಜಂತುವನ್ನು ಹೊತ್ತಿರಬಹುದಾದುದರಿಂದ ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯಬಾರದು.

ನೋಡತಕ್ಕ ಏಳು ಲಕ್ಷಣಗಳು

ಒಂದೇ ಗುರುತನ್ನು ನಂಬಿ ಹೆಸರಿಡುವ ಆತುರವೇ ಈ ವಿದ್ಯೆಯಲ್ಲಿ ಎಲ್ಲ ತಪ್ಪುಗಳ ಮೂಲ. ಕೆಳಗಿನ ಏಳನ್ನೂ ಇದೇ ಕ್ರಮದಲ್ಲಿ ನೋಡಿ, ಒಂದೊಂದನ್ನೂ ಬರೆದುಕೊಂಡು, ತದನಂತರವೇ ಪುಸ್ತಕವನ್ನು ತೆರೆಯುವುದು ಯುಕ್ತ.

ಮೊದಲನೆಯದು ವಯಸ್ಸು. ಅನೇಕ ಕಿರುಶಂಖಗಳು ಬೆಳವಣಿಗೆ ಮುಗಿದಾಗ ಬಾಯಂಚಿನ ತುಟಿಯನ್ನು ದಪ್ಪಮಾಡಿಕೊಂಡು ಹೊರಕ್ಕೆ ಮಡಿಸುತ್ತವೆ. ತುಟಿ ಚೂಪಾಗಿ ತೆಳುವಾಗಿದ್ದರೆ ಅದು ಮರಿಯಾಗಿರಬಹುದು. ದೊಡ್ಡ ಪ್ರಭೇದದ ಮರಿಯನ್ನು ಚಿಕ್ಕ ಪ್ರಭೇದವೆಂದು ಭ್ರಮಿಸುವುದು ಅತ್ಯಂತ ಸಾಮಾನ್ಯವಾದ ಪ್ರಮಾದ.

ಎರಡನೆಯದು ಸುತ್ತಿನ ದಿಕ್ಕು. ಚಿಪ್ಪಿನ ತುದಿಯನ್ನು ಮೇಲಕ್ಕೂ ಬಾಯನ್ನು ನಮ್ಮ ಕಡೆಗೂ ಹಿಡಿದಾಗ ಬಾಯಿ ನಮ್ಮ ಬಲಕ್ಕೆ ಬಂದರೆ ಬಲಸುತ್ತು, ಎಡಕ್ಕೆ ಬಂದರೆ ಎಡಸುತ್ತು. ಇಲ್ಲಿ ಕನ್ನಡ ಓದುಗನಿಗೆ ಒಂದು ಎಚ್ಚರಿಕೆ ಅವಶ್ಯ. ಪೂಜೆಯ ಮನೆಯಲ್ಲಿ ಬಲಮುರಿ ಅಥವಾ ದಕ್ಷಿಣಾವರ್ತವೆಂದು ಆರಾಧಿಸುವ ಅಪೂರ್ವ ಶಂಖವು ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಎಡಸುತ್ತಿನದು. ಊದುವ ಸಾಧಾರಣ ಶಂಖವೇ ಬಲಸುತ್ತಿನದು. ಎರಡು ಸಂಪ್ರದಾಯಗಳಲ್ಲಿ ಶಂಖವನ್ನು ಹಿಡಿದು ನೋಡುವ ಕ್ರಮ ತಲೆಕೆಳಗಾಗಿರುವುದೇ ಇದಕ್ಕೆ ಕಾರಣ. ಆದುದರಿಂದ ಟಿಪ್ಪಣಿಯಲ್ಲಿ ಬಲಮುರಿ ಎಂದು ಬರೆಯದೆ, ಬಾಯಿ ಯಾವ ಕಡೆಗೆ ಕಂಡಿತೆಂಬುದನ್ನೇ ಬರೆಯಬೇಕು.

ಮೂರನೆಯದು ಮುಚ್ಚಳ. ಹುಳು ಒಳಸರಿದಾಗ ಬಾಯನ್ನು ಮುಚ್ಚುವ, ಅದರ ಕಾಲಿಗೆ ಅಂಟಿಕೊಂಡೇ ಇರುವ ಬಿಲ್ಲೆಯುಂಟೆ? ಬೇಸಗೆಯಲ್ಲಿ ಕಟ್ಟಿಕೊಳ್ಳುವ ತಾತ್ಕಾಲಿಕ ಪೊರೆ ಮುಚ್ಚಳವಲ್ಲವೆಂಬುದನ್ನು ಗಮನಿಸಬೇಕು. ಜೀವಂತ ಹುಳುವಿನಲ್ಲಿ ಇದಕ್ಕೆ ಪೂರಕವಾದ ಸಾಕ್ಷಿಯೊಂದಿದೆ: ಮುಚ್ಚಳವುಳ್ಳವುಗಳಿಗೆ ಒಂದೇ ಜೊತೆ ಕೊಂಬು, ಕಣ್ಣು ಕೊಂಬಿನ ಬುಡದಲ್ಲಿ, ಮುಚ್ಚಳವಿಲ್ಲದವುಗಳಿಗೆ ಸಾಮಾನ್ಯವಾಗಿ ಎರಡು ಜೊತೆ ಕೊಂಬು, ಕಣ್ಣು ಮೇಲಿನ ಜೊತೆಯ ತುದಿಯಲ್ಲಿ. ಮೊದಲಿನವುಗಳಲ್ಲಿ ಗಂಡು ಹೆಣ್ಣು ಬೇರೆ, ಎರಡನೆಯವು ಉಭಯಲಿಂಗಿಗಳು. ನೆಲದ ಮೇಲಿನ ಬಸವನಹುಳುಗಳನ್ನೆಲ್ಲ ಎರಡು ಮಹಾಶಾಖೆಗಳಾಗಿ ಸೀಳುವ ಗೆರೆ ಇದು.

ನಾಲ್ಕನೆಯದು ಒಟ್ಟು ಆಕಾರ: ಬಿಲ್ಲೆಯಂತೆ ಚಪ್ಪಟೆಯೋ, ಬುಗುರಿಯಂತೆಯೋ, ಗೋಪುರದಂತೆ ನೀಳವೋ, ಪೀಪಾಯಿಯಂತೆ ನಡು ಉಬ್ಬಿದುದೋ.

ಐದನೆಯದು ಸುತ್ತುಗಳ ಸಂಖ್ಯೆ ಮತ್ತು ಅಳತೆ. ತುದಿಯಲ್ಲಿ ಭ್ರೂಣಚಿಪ್ಪು ಆರಂಭವಾಗುವ ಬಿಂದುವಿನಿಂದ ಒಂದು ನೇರಗೆರೆಯನ್ನು ಕಲ್ಪಿಸಿಕೊಂಡು, ಪೂರ್ಣ ಸುತ್ತುಗಳನ್ನೆಣಿಸಿ, ಉಳಿದುದನ್ನು ಕಾಲು, ಅರೆ, ಮುಕ್ಕಾಲು ಎಂದು ಸೇರಿಸಬೇಕು. ಎತ್ತರ, ಅಗಲ, ಬಾಯಿಯ ಎತ್ತರ, ಬಾಯಿಯ ಅಗಲ ಈ ನಾಲ್ಕನ್ನು ಮಿಲಿಮೀಟರಿನ ಹತ್ತನೆಯ ಭಾಗದವರೆಗೆ ಬರೆಯಬೇಕು.

ಆರನೆಯದು ಬಾಯಿ: ದುಂಡೋ, ಮೊಟ್ಟೆಯಾಕಾರವೋ, ತುಟಿ ಒಂದೇ ಮಡಿಕೆಯೋ ಎರಡೋ, ಒಳಗೆ ಹಲ್ಲಿನಂಥ ಉಬ್ಬುಗಳುಂಟೋ ಇಲ್ಲವೋ.

ಏಳನೆಯದು ಮೈಗೆಲಸ ಮತ್ತು ಹೊಕ್ಕುಳು. ಚಿಪ್ಪಿನ ಮೇಲೆ ಏಣುಗಳು ಉದ್ದಕ್ಕೆ ಓಡುತ್ತವೆಯೋ ಸುತ್ತಿನೊಡನೆ ತಿರುಗುತ್ತವೆಯೋ, ರೋಮಗಳುಂಟೋ, ನಯವಾಗಿ ಹೊಳೆಯುತ್ತದೆಯೋ ಎಂಬುದನ್ನೂ, ತಳದ ನಡುವಣ ಹೊಕ್ಕುಳೆಂಬ ಕುಳಿ ಅಗಲವೋ ಸೂಜಿಮೊನೆಯಷ್ಟೋ ಮುಚ್ಚಿಹೋಗಿದೆಯೋ ಎಂಬುದನ್ನೂ ನೋಡಬೇಕು.

ಕೆಲವು ಕುಲಗಳ ಪರಿಚಯ

ಈ ಏಳು ಲಕ್ಷಣಗಳನ್ನು ಕೈಯಲ್ಲಿ ಹಿಡಿದು ಹೊರಟವನಿಗೆ ಸಹ್ಯಾದ್ರಿಯ ಕಿರುಶಂಖಗಳ ಮುಖ್ಯ ಕುಲಗಳು ಬೇಗ ಪರಿಚಿತವಾಗುತ್ತವೆ. ಮುಚ್ಚಳವುಳ್ಳ ಶಾಖೆಯಲ್ಲಿ ಡಿಪ್ಲೊಮ್ಮಟೈನಾ ಕುಲದ್ದು ಕೆಲವೇ ಮಿಲಿಮೀಟರಿನ ಪೀಪಾಯಿಯಾಕಾರದ ಚಿಪ್ಪು. ಮೈಮೇಲೆ ಉದ್ದನೆಯ ತೆಳು ಏಣುಗಳು, ಕಡೆಯ ಸುತ್ತುಗಳ ಬಳಿ ನಡುಕಟ್ಟು ಬಿಗಿದಂತೆ ಒಂದು ಸಂಕೋಚ, ದುಂಡನೆಯ ಬಾಯಿ, ಮಡಿಸಿದ ತುಟಿ, ಸುತ್ತುಗಳ ನಡುವಣ ಅಚ್ಚಾದ ಒಳಗಂಬದ ಮೇಲೆ ಹಲ್ಲು. ಇದೇ ಕುಟುಂಬದ ಒಪಿಸ್ತೊಸ್ಟೋಮಾ ಕುಲವನ್ನು ಬ್ಲಾನ್‌ಫರ್ಡ್ ಸೋದರರು 1860ರಲ್ಲಿ ನೀಲಗಿರಿಯ ಚಿಪ್ಪೊಂದರಿಂದ ಸ್ಥಾಪಿಸಿದರು. ಒಂದೆರಡು ಮಿಲಿಮೀಟರಿನ ಈ ಶಂಖದ ಕಡೆಯ ಸುತ್ತು ಉಳಿದ ಸುತ್ತುಗಳಿಂದ ಬಿಡಿಸಿಕೊಂಡು ಹಿಂದಕ್ಕೆ ತಿರುಗಿ, ಬಾಯಿ ತುದಿಯ ಕಡೆಗೆ ಮುಖಮಾಡಿ ನಿಲ್ಲುತ್ತದೆ. ಹಿಂದುಬಾಯಿ ಎಂಬುದೇ ಆ ಗ್ರೀಕ್ ಹೆಸರಿನ ಅರ್ಥ. ಒಮ್ಮೆ ಕಂಡವರು ಅದನ್ನು ಮತ್ತೊಂದರೊಡನೆ ಬೆರೆಸುವುದು ಅಸಾಧ್ಯ. ಸಯತೊಪೋಮಾ ಕುಲದವು ಬುಗುರಿಯಾಕಾರದವು. ಸುತ್ತಿನೊಡನೆ ಓಡುವ ಏಣುಗಳೂ ಅಗಲವಾದ ಹೊಕ್ಕುಳೂ ಉಂಟು. ಸುಣ್ಣದಿಂದಾದ ಮುಚ್ಚಳ ಪುಟ್ಟ ಬಟ್ಟಲಿನಂತಿರುವುದರಿಂದ ಬಟ್ಟಲುಮುಚ್ಚಳವೆಂಬರ್ಥದ ಈ ಹೆಸರು ಬಂದಿತು.

ಮುಚ್ಚಳವಿಲ್ಲದ ಶಾಖೆಯಲ್ಲಿ ಕಾಲಿಯೆಲ್ಲಾ ಕುಲದವು ಮೂರು ಮಿಲಿಮೀಟರಿನ ಆಸುಪಾಸಿನ, ಜೇನುಗೂಡಿನ ಮೇಣದ ಬಣ್ಣದ, ತೆಳುವಾದ ಶಂಕುಗಳು. ಕಡೆಯ ಸುತ್ತಿನ ಅಂಚು ಸಾಮಾನ್ಯವಾಗಿ ಏಣಾಗಿರುವುದು. ಗ್ಲೆಸ್ಯುಲಾ ಕುಲದವು ನೀಳವಾಗಿ ಹೊಳೆಯುವ ಗೋಪುರಗಳು. ಬಾಯಿಯ ಒಳಗಂಬದ ಬುಡ ಕತ್ತರಿಸಿದಂತೆ ಥಟ್ಟನೆ ಮುಗಿಯುವುದು ಅವುಗಳ ಕುರುಹು. ಇವುಗಳೊಡನೆ ನೀಳವಾದ ಮತ್ತೊಂದು ಚಿಪ್ಪು ಬೆರೆತಿರಬಹುದು: ತೋಟಗಳಲ್ಲಿಯೂ ಕಾಣುವ ಹಟ್ಟೊನೆಲ್ಲಾ ಬೈಕಲರ್. ಅದರ ಬಾಯಿಯೊಳಗೆ ಹಲ್ಲುಗಳಿವೆ. ಅದು ಸಸ್ಯಾಹಾರಿಯಲ್ಲ, ಇತರ ಬಸವನಹುಳುಗಳನ್ನೇ ಬೇಟೆಯಾಡುತ್ತದೆ.

ಕುಲದಿಂದ ಪ್ರಭೇದಕ್ಕೆ

ಕುಲವನ್ನು ನಿಶ್ಚಯಿಸುವವರೆಗೆ ತಾಳ್ಮೆಯೊಂದೇ ಸಾಕು. ಪ್ರಭೇದವನ್ನು ನಿಶ್ಚಯಿಸುವುದಕ್ಕೆ ಹೋಲಿಕೆ ಬೇಕು. ಮೊದಲು ಮೂಲ ವರ್ಣನೆಯನ್ನು ಓದಿ, ಅದರ ಅಳತೆಗಳನ್ನೂ ಸ್ಥಳವನ್ನೂ ನಮ್ಮ ಟಿಪ್ಪಣಿಯೊಡನೆ ಒತ್ತಟ್ಟಿಗಿಟ್ಟು ನೋಡಬೇಕು. ಆ ವರ್ಣನೆಗೆ ಆಧಾರವಾದ ಚಿಪ್ಪಿಗೆ ಮೂಲಮಾದರಿ ಎಂದು ಹೆಸರು. ಬೆಡ್ಡೋಮ್ ಮೊದಲಾದವರ ಮಾದರಿಗಳು ಲಂಡನ್ನಿನ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿವೆ. ಭಾರತದಲ್ಲಿ 1916ರಲ್ಲಿ ಸ್ಥಾಪಿತವಾದ ಪ್ರಾಣಿಸರ್ವೇಕ್ಷಣ ಸಂಸ್ಥೆಯ ಕೊಲ್ಕತ್ತೆಯ ಸಂಗ್ರಹ ದೊಡ್ಡದು. ಒಂದೇ ಚಿಪ್ಪನ್ನು ನಂಬದೆ, ಒಂದೇ ಸ್ಥಳದ ಹಲವು ಬಲಿತ ಚಿಪ್ಪುಗಳನ್ನು ಅಳೆದರೆ ಮಾತ್ರ ಪ್ರಭೇದದೊಳಗಣ ಸಹಜ ವ್ಯತ್ಯಾಸ ಯಾವುದು, ಪ್ರಭೇದಗಳ ನಡುವಣ ಭೇದ ಯಾವುದು ಎಂಬ ವಿವೇಕ ಉಂಟಾಗುತ್ತದೆ. ಚಿಪ್ಪು ಒಂದೇ ತೆರನಾಗಿದ್ದೂ ಒಳಗಿನ ಹುಳು ಬೇರೆಯಾಗಿರುವುದುಂಟು; ಅಂಥಲ್ಲಿ ಅರದಂಥ ನಾಲಗೆಯ ಹಲ್ಲುಸಾಲು, ಜನನಾಂಗಗಳ ರಚನೆ, ಡಿ.ಎನ್.ಎ. ಇವುಗಳ ಪರೀಕ್ಷೆಯನ್ನು ತಜ್ಞರಿಗೆ ಬಿಡುವುದೇ ವಿಹಿತ.

ಹೆಸರನ್ನು ಓದುವ ಕ್ರಮವನ್ನೂ ತಿಳಿದಿರಬೇಕು. ಪ್ರಾಣಿನಾಮಗಳ ಗಣನೆ ಲಿನೇಯಸನ 1758ರ ಗ್ರಂಥದಿಂದ ಆರಂಭ; ಒಂದೇ ಪ್ರಭೇದಕ್ಕೆ ಎರಡು ಹೆಸರುಗಳಿದ್ದರೆ ಮೊದಲು ಪ್ರಕಟವಾದುದಕ್ಕೆ ಮನ್ನಣೆ. ಇಂಡ್ರೆಲ್ಲಾ ಆಂಪುಲ್ಲಾ (ಬೆನ್ಸನ್, 1850) ಎಂದು ಬರೆದಾಗ ಕಂಸವು ಅಲಂಕಾರಕ್ಕಾಗಿ ಬಂದುದಲ್ಲ: ಬೆನ್ಸನ್ನನು 1850ರಲ್ಲಿ ಆ ಪ್ರಭೇದವನ್ನು ಬೇರೊಂದು ಕುಲದಲ್ಲಿಟ್ಟು ವರ್ಣಿಸಿದನು, ಅನಂತರದವರು ಈ ಕುಲಕ್ಕೆ ತಂದರು ಎಂಬ ಇತಿಹಾಸವನ್ನು ಅದು ಸೂಚಿಸುತ್ತದೆ. ಕುಟುಂಬಗಳ ಎಲ್ಲೆಯೂ ಜ್ಞಾನ ಬೆಳೆದಂತೆ ಸರಿದಿದೆ. ಕಾಲಿಯೆಲ್ಲಾ ಕುಲವನ್ನು 1908ರ ಸಂಪುಟ ಇಟ್ಟ ಕುಟುಂಬ ಬೇರೆ, ಇಂದಿನವರು ಇಡುವ ಕುಟುಂಬ ಬೇರೆ. ಹಳೆಯ ಗ್ರಂಥದಿಂದ ಲಕ್ಷಣವನ್ನು ತಿಳಿದು, ಚಾಲ್ತಿಯಲ್ಲಿರುವ ಹೆಸರನ್ನು ಮೊಲಸ್ಕಾಬೇಸ್ ಎಂಬ ಅಂತರ್ಜಾಲದ ನಾಮಕೋಶದಲ್ಲಿ ತಾಳೆನೋಡಬೇಕು.

ಧರ್ಮಪುರದಲ್ಲಿಯೇ ಅಭ್ಯಾಸ

ಮಳೆಕಾಡು ದೂರವೆಂದು ಬಯಲುಸೀಮೆಯ ವಿದ್ಯಾರ್ಥಿ ನಿರಾಶನಾಗಬೇಕಾಗಿಲ್ಲ. ಕಣ್ಣಿನ ಶಿಕ್ಷಣಕ್ಕೆ ನಮ್ಮ ಊರೇ ಸಾಕು. ಮಳೆಗಾಲದಲ್ಲಿ ಕೆರೆಗೆ ಹೊಸನೀರು ಬಂದಿಳಿದ ಮೇಲೆ ದಡದುದ್ದಕ್ಕೂ ಕಸಕಡ್ಡಿಯ ಒಂದು ಗೆರೆ ಉಳಿಯುತ್ತದೆ. ಸುತ್ತಣ ಹೊಲ, ಬದು, ಬೇಲಿಗಳಿಂದ ನೀರು ತೇಲಿಸಿ ತಂದ ಖಾಲಿ ಕಿರುಚಿಪ್ಪುಗಳು ಅಂಥ ಗೆರೆಯಲ್ಲಿ ಸೇರಿಕೊಳ್ಳುವುದು ಚಿಪ್ಪುಶಾಸ್ತ್ರಜ್ಞರಿಗೆ ಎಲ್ಲೆಲ್ಲಿಯೂ ಅನುಭವಸಿದ್ಧವಾದ ಸಂಗತಿ. ಒಂದು ಬೊಗಸೆ ಕಸವನ್ನು ಒಣಗಿಸಿ ಮೇಲೆ ಹೇಳಿದಂತೆ ಜರಡಿ ಹಿಡಿಯಿರಿ. ನೆಲದ ಹುಳುಗಳೊಡನೆ ನೀರಿನ ಹುಳುಗಳೂ ಅಲ್ಲಿರುತ್ತವೆ. ಗೈರಾಲಸ್ ಎಂಬ ಕೆರೆಯ ಕುಲದ ಪುಟ್ಟ ಬಿಲ್ಲೆಯನ್ನು ನೆಲದ ಚಪ್ಪಟೆ ಚಿಪ್ಪೆಂದು ಭ್ರಮಿಸದಿರುವುದೇ ಮೊದಲ ಪಾಠ. ಒಣಬಯಲಿನ ನೆಲದ ಕುಲಗಳಲ್ಲಿ ಪ್ಯೂಪಾಯ್ಡಿಸ್ ಚಿಕ್ಕ ಪೀಪಾಯಿಯಂಥದು, ಝೂಟೆಕಸ್ ದಪ್ಪನೆಯ ಬಿಳಿಯ ಉರುಳೆಯಂಥದು, ಅಲ್ಲೋಪಿಯಸ್ ನೀಳವಾದ ಅರೆಪಾರದರ್ಶಕ ಗೋಪುರ. ಇವನ್ನು ಏಳು ಲಕ್ಷಣಗಳಿಂದ ಬೇರ್ಪಡಿಸಲು ಕಲಿತವನಿಗೆ ಆಗುಂಬೆಯ ದರಗು ಅಪರಿಚಿತವಾಗಿ ತೋರದು.

ಕೊನೆಯದಾಗಿ ಹೇಳಬೇಕಾದ ಮಾತು ಮೊದಲಿನ ಮಾತೇ: ದೊರೆತ ಸ್ಥಳವೂ ಚಿಪ್ಪಿನ ಲಕ್ಷಣ. ವೇದಾವತಿ ನದಿಯ ಮೂಲವಾದ ಬಾಬಾಬುಡನಗಿರಿಯಿಂದ ನಮ್ಮ ಹಿರಿಯೂರು ಸೀಮೆಯ ಮಾರಿಕಣಿವೆಯವರೆಗಿನ ದಾರಿಯಲ್ಲಿ ಶೋಲಾ ಕಾಡೂ ಇದೆ, ಕುರುಚಲು ಬಯಲೂ ಇದೆ. ಯಾವ ಹುಳು ಎಲ್ಲಿಯವರೆಗೆ ಬಾಳುತ್ತದೆಂಬುದನ್ನು ದಿನವೂ ಆ ನೆಲವನ್ನು ತುಳಿಯುವವರು ದಾಖಲಿಸಿದಷ್ಟು ಪರಿಪೂರ್ಣವಾಗಿ, ವರ್ಷಕ್ಕೊಮ್ಮೆ ಬಂದುಹೋಗುವ ಯಾವ ಪಂಡಿತನೂ ದಾಖಲಿಸಲಾರನು. ಒಂದು ಬೆಟ್ಟದ ಒಂದೇ ಮಗ್ಗುಲಿನಲ್ಲಿ ವಾಸಿಸುವ ಜೀವಿ, ಆ ಮಗ್ಗುಲಿನ ಮರಗಳು ಉರುಳಿದ ದಿನ ಲೋಕದಿಂದಲೇ ಅಳಿಯುತ್ತದೆ. ಅದು ಅಲ್ಲಿ ಇದ್ದಿತೆಂಬುದಕ್ಕೆ ಉಳಿಯುವ ಸಾಕ್ಷ್ಯ ಯಾರೋ ಬರೆದಿಟ್ಟ ಒಂದು ಚೀಟಿ ಮಾತ್ರ. ಆದುದರಿಂದ ಓದುಗರಲ್ಲಿ ಪ್ರಾರ್ಥನೆ ಇಷ್ಟೆ: ಚಿಪ್ಪು ಕೈಗೆ ಬಂದ ಕ್ಷಣದಲ್ಲಿಯೇ ಊರು, ಸ್ಥಳ, ಎತ್ತರ, ದಿನಾಂಕ, ನೆಲದ ಸ್ವರೂಪ, ಕಂಡವರ ಹೆಸರು ಇಷ್ಟನ್ನು ಪೆನ್ಸಿಲಿನಿಂದ ಬರೆದು ಕೊಳವೆಯೊಳಗೆ ಚಿಪ್ಪಿನ ಜೊತೆಯಲ್ಲಿಯೇ ಇಡಿ. ಶಾಸ್ತ್ರೀಯ ನಾಮವನ್ನು ಹತ್ತು ವರ್ಷಗಳ ಮೇಲೆಯೂ ಯಾರಾದರೂ ಹುಡುಕಿ ಕೊಟ್ಟಾರು. ಬರೆಯದೆ ಬಿಟ್ಟ ಊರಿನ ಹೆಸರನ್ನು ಯಾರೂ ತಂದುಕೊಡಲಾರರು.